ಎಡಕ್ಕೆ ತಿರುಗಿದ ಕುದುರೆ

ದಿಲ್ಲಿ, ಟಂಕಸಾಲೆಯ ಕೇರಿ
ಮಾರ್ಗಶಿರ ಶುದ್ಧ ತದಿಗೆ

ದೂರದ ವಂಗದೇಶದ ಲಖನೌತಿಯಲ್ಲಿ ಕೂತು ಮನೆಯನ್ನೇ ಮರೆತಿರುವ ನನ್ನ ಯಜಮಾನರಿಗೆ ಜೈತಲಳ ನಮಸ್ಕಾರ.

ಜ್ವರ ಬಿಟ್ಟಿತೆ? ಮೀನಿನ ವಾಸನೆಗೆ ಊಟ ಸೇರುವುದಿಲ್ಲ ಎಂದು ಬರೆದಿದ್ದಿರಿ; ಮೂಗು ಮುಚ್ಚಿಕೊಂಡಾದರೂ ನಾಲ್ಕು ತುತ್ತು ತಿನ್ನಿ. ನಾನೂ ಕ್ಷೇಮ ಎಂದೇ ಬರೆಯಬೇಕು, ಆದರೆ ನಿಮ್ಮ ಅಪ್ಪನ ಜೊತೆ ಏಗಿ ಏಗಿ ಸಾಕಾಗಿದೆ.

ಮಾವನವರ ಕಣ್ಣು ಮಂಜಾಗಿದೆ. ಹಾಗೆಂದರೆ, "ನನ್ ಕಣ್ಣಿಗೇನಾಗಿದೆ? ನೀನು ಹಚ್ಚೋ ದೀಪಾನೇ ಮಂಕು" ಎನ್ನುತ್ತಾರೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು! ಅಚ್ಚಿನಲ್ಲಿ ಎಲ್ಲ ತಿರುವುಮುರುವಾಗಿದ್ದರೆ ನಾಣ್ಯದಲ್ಲಿ ನೆಟ್ಟಗೆ ಮೂಡುತ್ತದೆ ಎಂದು ನನಗೆ ಪಾಠ ಹೇಳಿದವರೇ ಅವರು. ಈ ಸಲ ನಾಣ್ಯದ ಒಂದು ಮಗ್ಗುಲಿನ ಕುದುರೆ ಸವಾರನನ್ನು ಅಚ್ಚಿನಲ್ಲಿ ನೆಟ್ಟಗೇ ಕೆತ್ತಿಬಿಟ್ಟರು. ಇನ್ನೊಂದು ಮಗ್ಗುಲಿನ ಸುಲ್ತಾನರ ಹೆಸರಿಗೆ ದಫ್ತರದವರು ಕೊಟ್ಟ ಹಾಳೆಯನ್ನು ಬೋರಲು ಅಂಟಿಸಬೇಕಿತ್ತು. ಅಂಗಾತ ಅಂಟಿಸಿ ಅದನ್ನೂ ಹಾಗೆಯೇ ಕೊರೆದರು. ಆ ಲಿಪಿ ನಮ್ಮ ಮನೆಯಲ್ಲಿ ಯಾರಿಗೆ ಓದಲು ಬರುತ್ತದೆ? ಒಮ್ಮೆ ಮೇಣಕ್ಕೆ ಒತ್ತಿ ನೋಡೋಣ ಎಂದು ಗೋಗರೆದೆ. ಕೇಳದೆ ಅಚ್ಚುಗಳನ್ನು ಬಗಲಲ್ಲಿ ಇಟ್ಟುಕೊಂಡು ಟಂಕಸಾಲೆಗೆ ನಡೆದೇಬಿಟ್ಟರು.

ನಾಣ್ಯದಲ್ಲಿ ಬಲಕ್ಕೆ ಓಡಬೇಕಾದ ಕುದುರೆ ಎಡಕ್ಕೆ ಓಡಿತು. ಮೇಲ್ವಿಚಾರಕ ಖ್ವಾಜಾ ನಜೀಬರು ಸುಲ್ತಾನರ ಹೆಸರು ತಿರುವುಮುರುವಾಯಿತೆಂದು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೂಗಾಡಿದ್ದು ಕುದುರೆಯ ವಿಷಯಕ್ಕಂತೆ! "ಅಕ್ಷರ ಓದೋರು ಊರಲ್ಲಿ ಎಷ್ಟು ಜನ ಇದ್ದಾರೋ ಮುದುಕ? ಕುದುರೆ ತಿರುಗಿದ್ರೆ ಹೂ ಮಾರೋಳೂ ಇದನ್ನ ಮುಟ್ಟಲ್ಲ. ಶುಕ್ರವಾರದೊಳಗೆ ಎರಡೂ ಸರಿ ಮಾಡ್ಕೊಂಡು ಬಾ. ಇಲ್ಲಾಂದ್ರೆ ನಿಮ್ಮ ಮನೆಗೆ ಇನ್ನು ಟಂಕಸಾಲೆ ಕೆಲಸ ಇಲ್ಲ" ಎಂದು ಕಳಿಸಿದ್ದಾರೆ. ನಿಮ್ಮ ತಾತನ ಕಾಲದಿಂದ ಬಂದ ಕೆಲಸ. ಮಾವನವರು ಆಗಿನಿಂದ ಹೊದ್ದು ಮಲಗಿದ್ದಾರೆ, ಊಟಕ್ಕೂ ಏಳುವುದಿಲ್ಲ. ಮಗನಾದ ನೀವು ಹೊರಟು ಬರುವಷ್ಟರಲ್ಲಿ ಹೋಳಿ ಮುಗಿದಿರುತ್ತದೆ. ಯಾರನ್ನು ಬೈಯಲಿ, ಹೇಳಿ?

ಮನಸ್ಸಿನಲ್ಲಿ ಬೈದುಕೊಳ್ಳುತ್ತಲೇ ನಿಮ್ಮ ಪಾದಕ್ಕೆರಗುವ,
ಜೈತಲ

ಆಮೇಲೆ ಸೇರಿಸಿದ್ದು: ಓಲೆಕಾರ ಶನಿವಾರದವರೆಗೆ ಬರಲಿಲ್ಲ, ಈಗ ಹೊರಗೆ ನಿಂತು ಅವಸರ ಮಾಡುತ್ತಿದ್ದಾನೆ. ಎರಡೂ ಅಚ್ಚು ನಾನೇ ಕೆತ್ತಿದೆ. ಖ್ವಾಜಾ ಒಪ್ಪಿದರು. ಮಾವನವರು ಹೊಸ ನಾಣ್ಯವನ್ನು ಹೆಬ್ಬೆರಳಿನಿಂದ ಸವರಿ, "ಕುದುರೆಗೆ ನನಗಿಂತ ಚೆನ್ನಾಗಿ ಕಾಲು ಕೊಟ್ಟಿದ್ದೀಯಮ್ಮ" ಎಂದು ಉಳಿಗಳ ಚೀಲವನ್ನು ನನ್ನ ಮಡಿಲಿಗೆ ಹಾಕಿದರು. ಅತ್ತುಬಿಟ್ಟೆ. ಬೇಗ ಬನ್ನಿ, ನಿಮ್ಮನ್ನು ನೋಡಬೇಕು. ಆದರೆ ಬಂದವರು ಆ ಉಳಿಗಳನ್ನು ಕೇಳಬೇಡಿ, ನಾನು ಕೊಡುವುದಿಲ್ಲ.