ಅಳಿಯನ ಕೋಣೆಯ ಎಸ್ಟಿಮೇಟು

11-1-2004, ಆದಿತ್ಯವಾರ. ಕಾಪು

ಮತ್ತೆ ಟೇಪು ಹಿಡಿದು ನನ್ನದೇ ಕೋಣೆ ಅಳೆದೆ. ಉದ್ದ ಹದಿನಾಲ್ಕು ಅಡಿ, ಅಗಲ ಹನ್ನೊಂದು. ನಿನ್ನೆಯೂ ಅಷ್ಟೇ ಇತ್ತು. ಬೆಳೆಯುತ್ತದಾ ಅದು!

ತಂಗಿ ಮಿಸ್ರಿಯಾಳ ನಿಕಾಹ್ ಏಪ್ರಿಲಿನಲ್ಲಿ. ನಮ್ಮಲ್ಲಿ ಅಳಿಯನೇ ಹೆಂಡತಿಯ ಮನೆಗೆ ಬಂದು ಉಳಿಯುವುದಲ್ವಾ, ಅವನಿಗೊಂದು ಕೋಣೆ ಸಿಂಗರಿಸಬೇಕು. ಮಲ್ಪೆಯ ಗಂಡಿನವರಿಗೆ ಅಟ್ಯಾಚ್ಡ್ ಬಾತ್‌ರೂಮೇ ಆಗಬೇಕಂತೆ. ಬಾವಿಯ ಬದಿಗೆ, ಪೈಪು ಎಳೆಯಲು ಆಗುವಂತೆ ಇರುವುದು ನನ್ನ ಕೋಣೆ ಒಂದೇ. ನನ್ನ ಮದುವೆಯಲ್ಲಿ ಉಪ್ಪ ತಮ್ಮ ಅಳಿಯ, ನನ್ನ ಗಂಡ ಅರ್ಶದ್‌ಗೆಂದು ಮಾಡಿಸಿದ ಕೋಣೆ.

ಉಮ್ಮ ನೇರ ಕೇಳಲಿಲ್ಲ. ಮೀನು ಕೊಯ್ಯುತ್ತಾ, "ಒಬ್ಬಳಿಗೆ ಅಷ್ಟು ದೊಡ್ಡ ಕೋಣೆ ಎಂತಕ್ಕೆ ಅಂತ ಜನ ಕೇಳುತ್ತಾರೆ" ಅಂದರು.

ಜನ ಅಂದರೆ ಉಮ್ಮನೇ.

13-1-2004

ಬನ್ನಂಜೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುವವಳು ನಾನು. ಟೈಲ್ಸ್, ಕಮೋಡು, ಪೈಪು — ಎಲ್ಲದರ ರೇಟೂ ಬಾಯಿಪಾಠ. "ನೀನೇ ಲಿಸ್ಟು ಮಾಡು ಮಗಳೇ, ನನಗೆ ಎಂತ ಗೊತ್ತಾಗುತ್ತದೆ" ಎಂದು ಉಪ್ಪ ಹೇಳಿಬಿಟ್ಟರು. ನನ್ನ ಗೋರಿಗೆ ನಾನೇ ಕೊಟೇಶನ್ ಕೊಡಬೇಕು. ಥೂ.

ಅರ್ಶದ್ ಶಾರ್ಜಾಕ್ಕೆ ಹೋಗಿ ಐದು ವರ್ಷ. ಫೋನು ನಿಂತು ಒಂದೂವರೆ ವರ್ಷ. ಕೋಣೆ ಇರುವವರೆಗೆ ಜನ "ಗಂಡ ಗಲ್ಫಿನಲ್ಲಿದ್ದಾನೆ" ಅನ್ನುತ್ತಾರೆ. ಕೋಣೆ ಹೋದರೆ? ಉಮ್ಮನ ಪಕ್ಕದಲ್ಲಿ ಚಾಪೆ. ನಾಳೆ ಅವನು ಬಂದರೆ ಎಲ್ಲಿ ಕೂರಿಸುವುದು?

ಬರುತ್ತಾನಾ...

16-1-2004, ಶುಕ್ರವಾರ

ಲೆಕ್ಕ ಮುಗಿಯಿತು. ನಲವತ್ತೈದು ಸಾವಿರಕ್ಕೆ ಚೆನ್ನಾಗಿಯೇ ಆಗುತ್ತದೆ. ಉಪ್ಪನ ಹತ್ತಿರ ಇರುವುದೂ ಅಷ್ಟೇ.

ಅರವತ್ತೈದು ಎಂದು ಬರೆದೆ.

ಇಷ್ಟು ನಮ್ಮಿಂದಾಗದು ಎಂದು ಉಪ್ಪ ಕೈಬಿಡಲಿ. ಸಾಮಾನು ತುಂಬಿದ ಹಿಂದಿನ ಸಣ್ಣ ಕೋಣೆಗೆ ಸುಣ್ಣ ಬಳಿದು ಕೊಡಲಿ. ಮಿಸ್ರಿಯಾ ಗಂಡಿನವರ ಮುಂದೆ ತಲೆ ತಗ್ಗಿಸಬೇಕಾದೀತು, ಗೊತ್ತು. ನಾನೊಬ್ಬಳೇ ಯಾಕೆ ತಗ್ಗಿಸಬೇಕು?

ಗೋಡೆ ನೋಡಲು ಬಂದ ಮೇಸ್ತ್ರಿ ಮಲಕಪ್ಪ ಬಾಗಲಕೋಟೆ ಕಡೆಯವ. ಚೀಟಿ ನೋಡಿ, "ಅಕ್ಕಾರ, ಇಷ್ಟ್ಯಾಕ ಬರದೀರಿ? ನಲವತ್ತೈದರಾಗ ಮುಗಿಸಿ ಕೊಡ್ತೀನಲ್ರೀ" ಅಂದ. ಸುಮ್ಮನಿರು ಅಂದೆ. ನನ್ನ ಮುಖ ನೋಡಿ, "ನಿಮ್ಮನಿ ಸುದ್ದಿ ನನಗ್ಯಾಕ್ರೀ" ಎಂದು ಬೀಡಿ ಹಚ್ಚಿದ.

ಉಪ್ಪ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡರು. ಪಾಪ ಅನ್ನಿಸಿತು. ಆದರೂ ಹೊಟ್ಟೆತುಂಬ ಊಟ ಮಾಡಿದೆ.

6-2-2004, ಶುಕ್ರವಾರ

ಬರೆಯಬಾರದು ಎಂದಿದ್ದೆ. ಬೇರೆ ಯಾರಿಗೆ ಹೇಳಲಿ?

ಉಪ್ಪ ನನಗೆ ತಿಳಿಸದೆ, ಯಾರಿಂದಲೋ ನಂಬರು ಪಡೆದು, ಬೂತ್‌ನಿಂದ ಅರ್ಶದ್‌ಗೆ ಫೋನು ಮಾಡಿದ್ದರಂತೆ. ಹಿರಿಯ ಅಳಿಯ ಅಲ್ವಾ, ಇಪ್ಪತ್ತು ಸಾವಿರ ಕಡಿಮೆ ಬೀಳುತ್ತದೆ ಎಂದರಂತೆ. ಇವತ್ತು ನಮಾಜು ಬಿಟ್ಟ ಮೇಲೆ, ಶಾರ್ಜಾದಿಂದ ರಜೆಯಲ್ಲಿ ಬಂದವರೊಬ್ಬರು ಲಕೋಟೆ ತಂದುಕೊಟ್ಟರು. ಇಪ್ಪತ್ತು ಸಾವಿರ. ಸರಿಯಾಗಿ ಅಷ್ಟೇ. ಜೊತೆಗೆ ಕಾಗದ.

ಉಪ್ಪನಿಗೆ ಕನ್ನಡ ಓದಲು ಬರುವುದಿಲ್ಲ. "ಓದು ಮಗಳೇ" ಎಂದು ನಗುತ್ತಾ ಕೊಟ್ಟರು. ಎಷ್ಟು ದಿನದ ಮೇಲೆ ನಕ್ಕಿದ್ದರು! ಉಮ್ಮ ಅಡುಗೆಮನೆಯಿಂದ ಓಡಿ ಬಂದರು.

ದೊಡ್ಡಕ್ಕೆ ಓದಿದೆ. 'ಆ ಕೋಣೆ ಮಿಸ್ರಿಯಾಳಿಗೆ ಕೊಡಿ. ನಾನು ಇನ್ನು ಅಲ್ಲಿಗೆ ಬರುವುದಿಲ್ಲ. ಇಲ್ಲಿ ಬೇರೆ ಸಂಸಾರ ಆಗಿದೆ. ಫರ್ಝಾನಾಳಿಗೆ ಹೇಗೆ ಹೇಳುವುದೆಂದು ತಿಳಿಯುತ್ತಿಲ್ಲ, ನೀವೇ ಹೇಳಿ.'

ನನ್ನ ಹೆಸರು ಬರುವವರೆಗೂ ಸ್ವರ ಸರಿಯಾಗಿಯೇ ಇತ್ತು.

ಈ ಮನೆಯಲ್ಲಿ ಕಾಗದ ಓದುವವಳು ನಾನೇ ಎಂದು ಅವನಿಗೆ ಚೆನ್ನಾಗಿ ಗೊತ್ತುಂಟು. ಹೇಡಿ. ಹೇಡಿ.

ನಾನು ಸುಳ್ಳು ಬರೆಯದಿದ್ದರೆ ಉಪ್ಪ ಕೇಳುತ್ತಿರಲಿಲ್ಲ. ಕೇಳದಿದ್ದರೆ ಅವನು ಹೇಳುತ್ತಲೂ ಇರಲಿಲ್ಲ. ಇನ್ನೂ ಹತ್ತು ವರ್ಷ ಕಾಯುತ್ತಿದ್ದೆನಲ್ಲಾ, ಅಲ್ಲಾಹ್. ಅದೂ ಒಂದು ಬದುಕೇ ಆಗಿತ್ತು.

9-2-2004, ಬೆಳಗ್ಗೆ ಹತ್ತೂವರೆ

ಅಂಗಡಿಗೆ ರಜೆ ಹಾಕಿದೆ. ಗೋಡೆಗೆ ಪೆಟ್ಟು ಬೀಳುತ್ತಾ ಉಂಟು. ಮಿಸ್ರಿಯಾ ಬಂದು, "ನನಗೆ ಈ ಕೋಣೆ ಬೇಡ" ಎಂದು ಅತ್ತಳು. ಗದರಿಸಿ ಕಳಿಸಿದೆ. ಬಾತ್‌ರೂಮಿಗೆ ತಿಳಿ ನೀಲಿ ಟೈಲ್ಸ್ ಹೇಳಿದ್ದೇನೆ, ಅವಳಿಗಿಷ್ಟ.

ಉಪ್ಪ ದುಡ್ಡೆಲ್ಲ ನನ್ನ ಕೈಗೇ ಕೊಟ್ಟಿದ್ದಾರೆ. "ನಿನ್ನ ಲೆಕ್ಕ ತಪ್ಪುವುದಿಲ್ಲ" ಅಂದರು. ನನ್ನ ಮುಖ ನೋಡಲಿಲ್ಲ.

ನನ್ನ ಮಂಚವನ್ನು ಅಂಗಳಕ್ಕೆ ತಂದಿಟ್ಟಿದ್ದಾರೆ. "ಅಕ್ಕಾರ, ಇದನ್ನ ಯಾವ ಖೋಲಿಯಾಗ ಇಡೋಣ್ರೀ?" ಎಂದು ಮಲಕಪ್ಪ ಕೇಳಿದ. ಕೋಣೆ ಎಲ್ಲುಂಟು ಮಾರಾಯ ಅಂದೆ. ಅವನು ತಲೆ ಕೆರೆದುಕೊಂಡ.

ಅದರ ಮೇಲೆಯೇ ಕೂತು ಬರೆಯುತ್ತಿದ್ದೇನೆ. ಬಿಸಿಲು ಏರಿದೆ. ಮರಳಿನ ಟೆಂಪೋ ಬಂದು ಗೇಟಿನಲ್ಲಿ ಹಾರ್ನ್ ಹಾಕುತ್ತಾ ಉಂಟು. ಒಳಗೆ ಬರಲು ಜಾಗ ಇಲ್ಲವಂತೆ, ಏಳಬೇಕಂತೆ, ಮಂಚ ಎತ್ತಿ ಎಲ್ಲಿಗಾದರೂ