ತಪ್ಪು ಕಾಣಿಕೆಯ ತೆಂಗಿನಕಾಯಿ

ಲಕ್ಕೂರು, ಮಾಲೂರು ತಾಲ್ಲೂಕು
೧೪–೭–೨೦೨೫, ಸೋಮವಾರ

ಮುದ್ದಿನ ತಮ್ಮ, ಮಹಾ ಮೊಂಡ ಉಮೇಶನಿಗೆ ಸುನಂದಕ್ಕನ ಆಶೀರ್ವಾದಗಳು.

ಹೇಗಿದ್ದೀಯೋ? ಜೈಲಿನಲ್ಲಿ ಹತ್ತಿಕೊಂಡ ಕೆಮ್ಮು ಬಿಟ್ಟಿತೇ? ಮುಳಬಾಗಿಲಿಗೆ ಹೋದೆನೆಂದು ಮೂರು ಹೊತ್ತೂ ದೋಸೆ ತಿಂದುಕೊಂಡು ಇರಬೇಡ, ಒಂದು ಹೊತ್ತಾದರೂ ಮುದ್ದೆ ಉಣ್ಣು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲೇ ಮಲಗುತ್ತೀಯಂತೆ, ಟೆಂಪೋ ಓಡಿಸುವ ಕದಿರೇಶ ಹೇಳಿದ. ಆ ವಾರ್ನಿಷ್ ವಾಸನೆಯಲ್ಲಿ ಮಲಗಿದರೆ ಕೆಮ್ಮು ಎಲ್ಲಿಂದ ಹೋದೀತು? ಒಂದು ಕಿಟಕಿಯನ್ನಾದರೂ ತೆಗೆದಿಟ್ಟುಕೋ. ಇಲ್ಲಿ ನಿಮ್ಮ ಭಾವ ಚೆನ್ನಾಗಿದ್ದಾರೆ. ವಾಣಿಶ್ರೀ ಎಂಟನೇ ಕ್ಲಾಸಿಗೆ ಹೋಗುತ್ತಿದ್ದಾಳೆ, ಸೈಕಲ್ಲಿನ ಚೈನು ಬಿದ್ದಾಗಲೆಲ್ಲ ಮಾಮ ಇದ್ದಿದ್ದರೆ ಎಂದು ಮುಖ ಊದಿಸಿಕೊಳ್ಳುತ್ತಾಳೆ. ಅಮ್ಮನ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ನೀನು ಕಾಗದ ಹರಿದು ಬಿಸಾಕುತ್ತೀಯ.

ಕೈಯಲ್ಲಿ ಫೋನಿಟ್ಟುಕೊಂಡು ಅಕ್ಕ ಯಾಕೆ ಕಾಗದ ಬರೆದಳು ಅಂತೀಯಾ? ಶುಕ್ರವಾರ ನೀನು ಫೋನಿನಲ್ಲಿ ಏನಂದೆ? "ಅಕ್ಕಾ, ನಾನೇ ಕದ್ದೆ ಅಂತ ಒಪ್ಕೊಂಡ್ಬಿಡ್ತೀನಿ, ಮುಗೀಲಿ ಅತ್ಲಾಗೆ. ಅಮೆರಿಕದಲ್ಲಿ ಕೋರ್ಟು ತಪ್ಪಿತಸ್ಥ ಅಂದೋನೇ ಪ್ರೆಸಿಡೆಂಟಾಗವ್ನೆ, ನನ್ನಂಥೋನ ಹೆಸರು ಕೆಟ್ರೆ ಏನು ಮುಳುಗೋಗ್ತದೆ?" ಅಂದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಕಟ್ ಮಾಡಿದೆ. ಅವತ್ತಿನಿಂದ ಸ್ವಿಚ್ ಆಫ್. ಸರಿ, ಈಗ ಈ ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡುತ್ತೇನೆ. ಟೊಮ್ಯಾಟೊ ಲೋಡಿನ ಜೊತೆ ಕದಿರೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಪೂರ್ತಿ ಓದುವವರೆಗೂ ಎದುರಿಗೇ ನಿಂತಿರಬೇಕು ಎಂದು ಅವನಿಗೆ ತಾಕೀತು ಮಾಡಿದ್ದೇನೆ.

ಅಮೆರಿಕದ ಮಾತು ತೆಗೆದವನು ನೀನು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಜನವರಿಯಲ್ಲಿ ನಮ್ಮ ಹೋಟೆಲಿನಲ್ಲಿ ನಾವಿಬ್ಬರೂ ಆಡಿದ ಜಗಳ ನೆನಪಿದೆಯಾ? ಫ್ಯಾಕ್ಟರಿ ಬಸ್ಸಿಗೆ ಕಾಯುವವರೆಲ್ಲ ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಟಿವಿಯ ಮುಂದೆ ನಿಂತಿದ್ದರು. ಅಮೆರಿಕದ ಆ ಪ್ರೆಸಿಡೆಂಟು ಪ್ರಮಾಣವಚನ ತೆಗೆದುಕೊಂಡ ದಿನವೇ, ಹಿಂದೆ ತನಗೋಸ್ಕರ ಪಾರ್ಲಿಮೆಂಟಿಗೆ ನುಗ್ಗಿದ ಸಾವಿರಕ್ಕೂ ಮಿಕ್ಕಿದ ಜನರಿಗೆ ಕ್ಷಮೆ ಬರೆದುಕೊಟ್ಟ ಎಂದು ಸುದ್ದಿ ಬಂತು. ಪೊಲೀಸರಿಗೆ ಹೊಡೆದವರೂ ಅದರಲ್ಲಿದ್ದರು. ನೀನು "ಗಂಡಸು ಅಂದ್ರೆ ಇವ್ನು ಕಣಕ್ಕಾ, ನಂಬ್ದೋರ್ನ ಕೈಬಿಡಲ್ಲ" ಅಂದೆ. ತನಗೆ ಬೇಕಾದವರನ್ನು ಬಿಡಿಸಿಕೊಳ್ಳುವುದಕ್ಕೆ ಕ್ಷಮೆ ಎಂದು ಹೆಸರಾ ಎಂದು ನಾನು ಸೌಟು ಎತ್ತಿಕೊಂಡೇ ಬಂದೆ. ಅದಕ್ಕೆ ನೀನು, "ಹಿಂದಿನೋನು ಕುರ್ಚಿ ಬಿಡೋ ಮುಂಚೆ ಸ್ವಂತ ಮಗನ್ನೇ ಕ್ಷಮಿಸ್ಬಿಟ್ನಲ್ಲ, ಅದನ್ಯಾಕೆ ಕೇಳಲ್ಲ?" ಅಂದೆ. ಅವತ್ತು ನಾನು ತಟ್ಟೆ ತೊಳೆಯಲು ಎದ್ದು ಹೋದೆ. ಈಗ ಹೇಳುತ್ತೇನೆ ಕೇಳು, ಇಬ್ಬರದೂ ತಪ್ಪೇ. ಕೋರ್ಟು ಕೂತು, ಸಾಕ್ಷಿ ಕೇಳಿ, ತಲೆ ಕೆಡಿಸಿಕೊಂಡು ಹೇಳಿದ್ದನ್ನು ಒಂದು ಪೆನ್ನಿನಲ್ಲಿ ಅಳಿಸುವ ಅಧಿಕಾರ ಯಾವ ಪಕ್ಷದವನ ಕೈಯಲ್ಲೂ ಇರಬಾರದು. ನನ್ನ ಹೋಟೆಲಿಗೆ ಅಮೆರಿಕದವರು ಯಾರಾದರೂ ಬಂದರೆ ಅವರಿಗೂ ಇದನ್ನೇ ಹೇಳುತ್ತೇನೆ.

ಆದರೆ ನಿನ್ನ ಆ ಹೀರೋನಿಂದ ಒಂದನ್ನಾದರೂ ಕಲಿಯಬಾರದೇನೋ! ನ್ಯೂಯಾರ್ಕಿನಲ್ಲಿ ಹನ್ನೆರಡು ಜನ ಕೂತು ತಪ್ಪಿತಸ್ಥ ಅಂದರು. ಕೊನೆಗೆ ಜಡ್ಜು ಶಿಕ್ಷೆಯೇ ಇಲ್ಲದೆ ಬಿಟ್ಟರು, ಅದು ಬೇರೆ ಮಾತು. ನನ್ನನ್ನು ಕೇಳಿದರೆ, ಕೂತು ಕೇಳಿದ ಆ ಹನ್ನೆರಡು ಜನರ ಮಾತನ್ನೇ ನಾನು ನಂಬುತ್ತೇನೆ. ಆದರೂ ಆಯಪ್ಪ ಒಂದು ದಿನವಾದರೂ ಹೌದು ಮಾಡಿದೆ ಅಂದನಾ? ಬೆಳಗ್ಗೆ ಎದ್ದರೆ ಇಲ್ಲ, ರಾತ್ರಿ ಮಲಗುವಾಗಲೂ ಇಲ್ಲ. ಕೋರ್ಟಿನಲ್ಲಿ ತಪ್ಪಿತಸ್ಥ ಅನ್ನಿಸಿಕೊಂಡವನೇ ಇಲ್ಲ ಇಲ್ಲ ಅಂತಾನೆ. ನಿನ್ನನ್ನು ಕೋರ್ಟು ಇನ್ನೂ ಒಂದು ಮಾತೂ ಕೇಳಿಲ್ಲ, ನೀನು ಓಡಿಹೋಗಿ ಹೌದು ಅನ್ನುತ್ತೀಯಾ? ಥೂ, ನಿನ್ನ ಬುದ್ಧಿಗಿಷ್ಟು!

ಆ ಅಜ್ಜಿಯನ್ನು ಮರೆತೆಯಾ? ಅದೇ ಗುಂಪಿನ ಜೊತೆ ಪಾರ್ಲಿಮೆಂಟಿಗೆ ನುಗ್ಗಿ, ತಪ್ಪು ಒಪ್ಪಿಕೊಂಡು, ಜೈಲಿಗೂ ಹೋಗಿ ಬಂದ ಎಪ್ಪತ್ತು ದಾಟಿದ ಅಜ್ಜಿ. ಕ್ಷಮೆ ಕೊಟ್ಟಾಗ ಆಯಮ್ಮ ಏನಂದಳು? ನಾನು ತಪ್ಪು ಮಾಡಿದ್ದೇನೆ, ನಿಮ್ಮ ಕ್ಷಮೆ ನನಗೆ ಬೇಡ ಅಂದಳು. ನೀನು ಹುಚ್ಚಜ್ಜಿ ಎಂದು ನಕ್ಕೆ. ನನಗೆ ಮಾತ್ರ ಆಯಮ್ಮನನ್ನು ಕರೆದು ಕೂರಿಸಿ ಬಿಸಿ ಇಡ್ಲಿ ಬಡಿಸಬೇಕು ಅನ್ನಿಸಿತ್ತು. ತಪ್ಪು ಮಾಡಿದವಳು ಕ್ಷಮೆ ಬೇಡ ಅಂದಳು, ತಪ್ಪೇ ಮಾಡದ ನೀನು ಕ್ಷಮೆಗೆ ಕೈಚಾಚುತ್ತಿದ್ದೀಯ. ಈಗ ಹೇಳು, ಇಬ್ಬರಲ್ಲಿ ಹುಚ್ಚು ಯಾರಿಗೆ?

ನಡೆದದ್ದನ್ನು ನಿನಗೇ ಹೇಳಬೇಕಾಗಿ ಬಂದಿದೆ, ಯಾಕೆಂದರೆ ನೀನೇ ಮರೆತ ಹಾಗಿದೆ. ಫೆಬ್ರವರಿಯಲ್ಲಿ ಚನ್ನರಾಯಪ್ಪನವರ ತೋಟದ ಬೋರ್‌ವೆಲ್ಲಿನ ಕೇಬಲ್ ಯಾರೋ ಕತ್ತರಿಸಿಕೊಂಡು ಹೋದರು. ಅದಕ್ಕೆ ಸ್ವಲ್ಪ ಮುಂಚೆ ನೀನು ಅದೇ ಮೋಟಾರನ್ನು ಎತ್ತಿ, ರಿಪೇರಿ ಮಾಡಿ ಇಳಿಸಿದ್ದೆ. ಅಷ್ಟೇ ನಿನ್ನ ಅಪರಾಧ! ಮೆಕಾನಿಕ್ಕಿಗೆ ಗೊತ್ತಿರುವ ಕೇಬಲ್ಲು, ಅವನೇ ಕದ್ದಿರಬೇಕು ಎಂದು ಅನುಮಾನದ ಮೇಲೆ ದೂರು ಕೊಟ್ಟರು. ಪೊಲೀಸರು ಮನೆಯೆಲ್ಲ ಜಾಲಾಡಿದರು, ಒಂದು ತುಂಡು ತಾಮ್ರವೂ ಸಿಗಲಿಲ್ಲ. ಆದರೂ ನೀನು ಕೋಲಾರದ ಜೈಲಿಗೆ ಹೋದೆ, ಏಪ್ರಿಲ್‌ನಲ್ಲಿ ಜಾಮೀನು ಸಿಕ್ಕಿತು, ಊರಿಗೆ ಬಾರದೆ ನೇರ ಮುಳಬಾಗಿಲಿಗೆ ಹೋಗಿ ಕೂತೆ.

ಈಗ ಊರಿನವರಿಗೆ ಇದ್ದಕ್ಕಿದ್ದ ಹಾಗೆ ದೊಡ್ಡ ಮನಸ್ಸು ಬಂದಿದೆ. ಬರುವ ಭಾನುವಾರ ನೀನು ಬರಬೇಕಂತೆ. ಮುನೇಶ್ವರನ ಗುಡಿಯ ಮುಂದೆ ತಟ್ಟೆಯಲ್ಲಿ ಕಾಯಿ, ಹೂವು, ಹಳದಿ ಬಟ್ಟೆಯಲ್ಲಿ ಕಟ್ಟಿದ ತಪ್ಪು ಕಾಣಿಕೆ ಇಟ್ಟು, ಅಡ್ಡಬಿದ್ದು, ಎಲ್ಲರೆದುರು ತಪ್ಪಾಯಿತು ಅನ್ನಬೇಕಂತೆ. ಆಮೇಲೆ ಚನ್ನರಾಯಪ್ಪನವರು ಮಾಲೂರು ಕೋರ್ಟಿನಲ್ಲಿ ರಾಜಿ ಮಾಡಿಕೊಂಡು ಕೇಸು ಬಿಡುತ್ತಾರಂತೆ. ನಮ್ಮ ವಕೀಲ ಅಮರನಾಥ್ ಕೂಡ, ಯಾಕಮ್ಮಾ ವರ್ಷಗಟ್ಟಲೆ ಓಡಾಡ್ತೀರಿ, ಒಪ್ಕೊಳ್ಳಿ ಅಂದ. ಇದು ಹೇಗೋ ನಿನ್ನ ಕಿವಿಗೂ ಬಿದ್ದಿದೆ, ಶುಕ್ರವಾರದ ಫೋನು ಅದಕ್ಕೇ ಎಂದು ನನಗೆ ಗೊತ್ತು. ನಾನು ಇಲ್ಲ ಅನ್ನದಿರಲಿ ಎಂದು ಶನಿವಾರ ಸಾಯಂಕಾಲ ತಟ್ಟೆ, ಕಾಯಿ ಎರಡನ್ನೂ ನಮ್ಮ ಮನೆಗೇ ಕಳಿಸಿಕೊಟ್ಟರು. ಎಂಥ ಉಪಕಾರ ನೋಡು!

ನಿನ್ನೆ ಅರಳಿಕಟ್ಟೆಯಲ್ಲಿ ಎಲ್ಲರೂ ಸೇರಿದ್ದರು. ನಾನೂ ಹೋದೆ, ಅಮ್ಮನೂ ನನ್ನ ಜೊತೆ ಬಂದಳು. ಹಿರಿಯರೆಲ್ಲ ಗಂಟಲು ಸರಿಮಾಡಿಕೊಂಡು, ಊರು ಉಮೇಶನನ್ನು ಕ್ಷಮಿಸಿದೆ ಎಂದು ಹೇಳಿ ಮುಗಿಸಿದ್ದೇ ತಡ, ನಾನು ಎದ್ದುನಿಂತು "ಯಾವ ತಪ್ಪಿಗೆ?" ಅಂದೆ. "ಚನ್ನರಾಯಪ್ನೋರೇ, ನಾಳೆ ಬೆಳಗ್ಗೆ ಕಾಣಿಪಾಕಕ್ಕೆ ಹೋಗೋಣ ಬನ್ನಿ, ನಾನೂ ಬರ್ತೀನಿ. ಗಣಪತಿ ಎದುರು ಕೊಳದಲ್ಲಿ ಮುಳುಗಿ, ಉಮೇಶ ಕೇಬಲ್ ಕುಯ್ಯೋದನ್ನ ಕಣ್ಣಾರೆ ನೋಡ್ದೆ ಅಂತ ಪ್ರಮಾಣ ಮಾಡಿ. ಮಾಡಿದ್ರೆ ನನ್ ತಮ್ಮನ್ನ ನಾನೇ ಕರ್ಕೊಂಡು ಬಂದು ನಿಮ್ ಕಾಲಿಗೆ ಬೀಳಿಸ್ತೀನಿ" ಅಂದೆ. ಈ ಸೀಮೆಯಲ್ಲಿ ಕಾಣಿಪಾಕದ ಪ್ರಮಾಣವೆಂದರೆ ಏನೆಂದು ನಿನಗೆ ಗೊತ್ತಲ್ಲ, ಕುಡುಕರೂ ಅಲ್ಲಿ ಸುಳ್ಳು ಹೇಳಲು ಹೆದರುತ್ತಾರೆ. ಚನ್ನರಾಯಪ್ಪನವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಪೋನೀಲೇ ಅಮ್ಮಾ, ಹೋಗ್ಲಿ ಬಿಡು, ದೊಡ್ಡದು ಮಾಡ್ಬೇಡ. ನೋಡ್ದೆ ಅಂತ ನಾನೆಲ್ಲಿ ಅಂದೆ? ಅನುಮಾನ ಅಂದೆ ಅಷ್ಟೇ" ಅಂದರು. ಕಟ್ಟೆಗೆ ಕಟ್ಟೆಯೇ ಕೇಳಿಸಿಕೊಂಡಿತು ಕಣೋ! ಆ ಮುದುಕನೂ ಕೆಟ್ಟವನಲ್ಲ, ಕೇಬಲ್ ಹೋದ ಸಂಕಟಕ್ಕೆ ಕೈಗೆ ಸಿಕ್ಕಿದವನ ಹೆಸರು ಹೇಳಿದ. ಹೇಳಿದ ಮೇಲೆ ವಾಪಸ್ಸು ತೆಗೆದುಕೊಳ್ಳಲು ಮರ್ಯಾದೆ ಅಡ್ಡ ಬರುತ್ತಿದೆ.

ಅಷ್ಟರಲ್ಲಿ ಯಾರೋ ಹಿರಿಯರು, ಮಾತು ತಪ್ಪಿಸಲಿಕ್ಕೆ ಇರಬೇಕು, "ತಟ್ಟೆ ಕಳ್ಸಿದ್ವಲ್ಲ, ಕಾಯಿ ಎಲ್ಲಮ್ಮಾ?" ಅಂದರು. "ಬೆಳಗ್ಗೆ ಹೋಟೆಲಿಗೆ ಚಟ್ನಿ ರುಬ್ಬಿದೆ. ನೀವೂ ಬಂದಿದ್ರಲ್ಲ, ಚೆನ್ನಾಗದೆ ಅಂತ ಎರಡನೇ ಸಲ ಹಾಕಿಸ್ಕೊಂಡ್ರಿ" ಅಂದೆ. ಪಕ್ಕದ ಮನೆಯ ಆಂಜಿನಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು. ಹಿರಿಯರಿಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಕೇಸು ನೀವೇ ನೋಡಿಕೊಳ್ಳಿ, ಊರಿನವರು ಯಾರೂ ನಿಮ್ಮ ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ ಅಂದರು. ಹತ್ತಬೇಡಿ ಅಂದೆ. ಇವತ್ತು ಬೆಳಗ್ಗೆ ನಿಜಕ್ಕೂ ಊರಿನವರು ಕಡಿಮೆಯೇ ಬಂದರು. ಫ್ಯಾಕ್ಟರಿಯ ಹುಡುಗಿಯರು ಎಂದಿನಂತೆ ಬಂದು ತಿಂದು ಹೋದರು. ಒಲೆಯನ್ನಂತೂ ನಾನು ಆರಿಸುವುದಿಲ್ಲ.

ವಕೀಲನಿಗೂ ಹೇಳಿಬಿಟ್ಟಿದ್ದೇನೆ, ರಾಜಿ ಇಲ್ಲ, ಕೇಸು ನಡೆಯಲಿ. ಕದ್ದವನು ಇವನು ಎಂದು ಅವರು ತೋರಿಸಲಿ. ತೋರಿಸಲಾಗದಿದ್ದರೆ, ಉಮೇಶ ನಿರಪರಾಧಿ ಎಂದು ಜಡ್ಜಿನ ಬಾಯಿಂದಲೇ ಬರಲಿ. ಎಷ್ಟು ವರ್ಷವಾದರೂ ಆಗಲಿ. ಕ್ಷಮಿಸಿದ್ದೇವೆ ಎಂದು ಒಂದು ಸಲ ಅನ್ನಿಸಿಕೊಂಡರೆ, ನಾಳೆ ಯಾರ ಬೋರ್‌ವೆಲ್ಲಿನಲ್ಲಿ ಏನು ಹೋದರೂ ಮೊದಲು ನಿನ್ನ ಮನೆಯ ಬಾಗಿಲನ್ನೇ ಬಡಿಯುತ್ತಾರೆ. ವಾಣಿಶ್ರೀಗೂ ಸ್ಕೂಲಿನಲ್ಲಿ, ನಿಮ್ಮ ಮಾಮನನ್ನು ಊರು ಕ್ಷಮಿಸಿತಂತೆ ಅನ್ನುತ್ತಾರೆ.

ಉಮೇಶ, ನೀನು ಒಪ್ಪಿಕೊಳ್ಳಲು ಹೊರಟಿರುವುದು ಕೋರ್ಟಿನ ಹೆದರಿಕೆಗಲ್ಲ. ಕರೆಂಟ್ ಕಂಬ ಹತ್ತುವಾಗ ಹೆದರದವನು ಕೋರ್ಟಿನ ಮೆಟ್ಟಿಲಿಗೆ ಹೆದರುತ್ತೀಯಾ? ಅವತ್ತು ಅಮ್ಮ ಜೈಲಿಗೆ ಬಂದು, ಜಾಲರಿಯ ಆಚೆಯಿಂದ "ಯಾಕಪ್ಪಾ ಹಿಂಗ್ ಮಾಡ್ದೆ?" ಅಂದಳಲ್ಲ, ಆ ಮಾತಿಗೆ ನೀನು ಸೋತೆ. ತಿರುಗಿ ಒಳಗೆ ಹೋದವನು ಇವತ್ತಿನವರೆಗೂ ಅವಳ ಮುಖ ನೋಡಿಲ್ಲ. ಹೆತ್ತವಳೇ ನಂಬದ ಮೇಲೆ ಇನ್ನು ಯಾರು ನಂಬಿದರೇನು ಎಂದು ಕೂತಿದ್ದೀಯ. ನಾನು ಪಕ್ಕದಲ್ಲೇ ಇದ್ದೆ, ಎಲ್ಲ ಕೇಳಿಸಿಕೊಂಡೆ. ಆದರೆ ನಾನಿಲ್ಲವೇನೋ? ಮೊದಲ ದಿನದಿಂದಲೂ ನಿನ್ನನ್ನು ನಂಬಿದವಳು ನಾನೊಬ್ಬಳಾದರೂ ಇದ್ದೇನಲ್ಲ, ನನ್ನದು ಲೆಕ್ಕಕ್ಕಿಲ್ಲವೇ?

ಹೊತ್ತಿಗೆ ಸರಿಯಾಗಿ ಉಣ್ಣು. ಕೆಮ್ಮಿಗೆ ಮೆಣಸಿನ ಕಷಾಯ ಮಾಡಿಕೋ. ನಿಮ್ಮ ಭಾವ ಕೇಳಿದರೆಂದು ಹೇಳಲು ಹೇಳಿದ್ದಾರೆ, ವಾಣಿಶ್ರೀ ನಮಸ್ಕಾರ ತಿಳಿಸಿದ್ದಾಳೆ. ಮುನೇಶ್ವರ ನಿನ್ನ ಬೆನ್ನಿಗಿರಲಿ, ತಲೆ ತಗ್ಗಿಸಬೇಡ.

ನಿನ್ನ ಅಕ್ಕ,
ಸುನಂದ

ಮರೆತಿಲ್ಲ, ಅಮ್ಮನ ವಿಷಯ: ನಿನ್ನನ್ನು ಪೊಲೀಸರು ಕರೆದುಕೊಂಡು ಹೋದ ವಾರವೇ ಅಮ್ಮ ಯಾರಿಗೂ ಹೇಳದೆ ನಿನ್ನ ಹೆಸರಿನಲ್ಲಿ ಮುನೇಶ್ವರನಿಗೆ ತಪ್ಪು ಕಾಣಿಕೆ ಕಟ್ಟಿಟ್ಟಿದ್ದಳಂತೆ. ನನಗೂ ಗೊತ್ತಿರಲಿಲ್ಲ. ನಿನ್ನೆ ಚನ್ನರಾಯಪ್ಪನವರು ತಾವು ನೋಡಲಿಲ್ಲ ಅಂದಿದ್ದನ್ನು ಕೇಳಿಸಿಕೊಂಡು, ಎಲ್ಲರೂ ಕಟ್ಟೆಯಿಂದ ಏಳುವ ಹೊತ್ತಿಗೆ, ಹೆಂಗಸರ ನಡುವೆ ಕೂತಿದ್ದ ಅಮ್ಮ ಎದ್ದಳು. ಸೊಂಟದಿಂದ ಆ ಹಳದಿ ಗಂಟು ತೆಗೆದು, ಎಲ್ಲರೂ ನೋಡುತ್ತಿದ್ದ ಹಾಗೆ ಕಟ್ಟೆಯ ಪಕ್ಕದ ಗುಡಿಗೆ ಹೋಗಿ, "ಇದು ನನ್ ಮಗಂದಲ್ಲ ಸ್ವಾಮಿ, ನಂದು. ಮಗನ ಮೇಲೆ ಅನುಮಾನ ಪಟ್ಟ ತಪ್ಪು ನಂದು" ಎಂದು ಗಟ್ಟಿಯಾಗಿ ಹೇಳಿ ಹುಂಡಿಗೆ ಹಾಕಿದಳು. ಅಲ್ಲಿಂದ ಬಂದವಳು ಅನ್ನ ಮುಟ್ಟಿಲ್ಲ. ಈಗ ನನ್ನ ಪಕ್ಕದಲ್ಲೇ ಕೂತು, ಬರೆದೆಯಾ, ಬರೆದೆಯಾ ಅಂತಿದ್ದಾಳೆ. ಕದಿರೇಶ ಹಾರ್ನ್ ಹೊಡೆಯುತ್ತಿದ್ದಾನೆ. ನಮ್ಮ ಮನೆಯಲ್ಲಿ ಕ್ಷಮೆ ಬೇಕಾಗಿರುವುದು ಅಮ್ಮನಿಗೆ ಕಣೋ, ಕೊಡಬೇಕಾದವನು ನೀನು. ಲೋಡು ಇಳಿಸಿದ ಮೇಲೆ ಇದೇ ಟೆಂಪೋ ಹತ್ತಿ ಬಾ.