ಫಾದರ್ ಇನ್ನಾಸಪ್ಪನವರಿಗೆ ಇಟ್ಟ ಎಡೆ

ಹೊಳವನಹಳ್ಳಿ ಅಂಚೆ,
ಕೊರಟಗೆರೆ ತಾಲ್ಲೂಕು
9 ನವೆಂಬರ್ 2025

ಪ್ರೀತಿಯ ಶ್ರೀಲತಕ್ಕನಿಗೆ,

ಜೈಭೀಮ್. ಇಲ್ಲಿ ಅವ್ವ, ನಾನು ಆರೋಗ್ಯ. ಭಾವನೂ ಪುಟ್ಟಿಯೂ ಪಾವಗಡದ ಬಿಸಿಲಿಗೆ ಒಣಗಿಹೋಗಿಲ್ಲವೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಬರೆದದ್ದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ವಾಟ್ಸಾಪ್ ಇತ್ತಲ್ಲ ಎನ್ನುತ್ತೀಯ. ಅಲ್ಲಿ ನಾನು ಎಷ್ಟು ಗಂಭೀರವಾಗಿ ಬರೆದರೂ ನೀನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತೀಯ. ಇದನ್ನು ನೀನು ಕೂತು ಓದಬೇಕು.

ವಿಷಯ ನಮ್ಮ ಫಾದರ್ ಇನ್ನಾಸಪ್ಪನವರದು. ಅವರು ತೀರಿಕೊಂಡ ಮೇಲೆ ಬಂದ ಮೊದಲ ನವೆಂಬರ್ ಇದು. ಸತ್ತವರಿಗಾಗಿ, ಅದರಲ್ಲೂ ತೀರಿಹೋದ ತಮ್ಮ ಗುರುಗಳಿಗಾಗಿ, ಕ್ರೈಸ್ತರು ಈ ತಿಂಗಳು ಪ್ರಾರ್ಥಿಸುತ್ತಾರಂತೆ. ಅವರ ಜಾಗಕ್ಕೆ ಬಂದಿರುವ ಫಾದರ್ ಚೌರಪ್ಪ ಇನ್ನೂ ಹುಡುಗ. ನನ್ನನ್ನು ಕರೆಸಿ, "ಎರಡನೇ ತಾರೀಖು ಪ್ರಾರ್ಥನೆ ಆದ್ಮೇಲೆ ಅವರ ಸೇವೆ ಬಗ್ಗೆ ನೀವು ಹತ್ತು ನಿಮಿಷ ಮಾತಾಡಿ," ಎಂದರು. ದೇವರನ್ನು ನಂಬದ ನನ್ನನ್ನು ಕರೆದದ್ದು ಅವರ ದೊಡ್ಡತನ. ಒಪ್ಪಿದ್ದು ನನ್ನ ದೊಡ್ಡತನ.

ಬರೀ ಮಾತು ಗಾಳಿಗೆ ಹೋಗುತ್ತದೆಂದು ಮಧುಗಿರಿಗೆ ಹೋಗಿ ಒಂದು ಕಟ್ಟು ಕರಪತ್ರ ಅಚ್ಚು ಹಾಕಿಸಿದೆ. ಅವರು ನಡೆಸಿದ ದವಾಖಾನೆ, ಹಾಸ್ಟೆಲು, ಕ್ಷಯದವರನ್ನು ಲೂನಾ ಹಿಂದೆ ಕಟ್ಟಿಕೊಂಡು ತುಮಕೂರಿಗೆ ಒಯ್ಯುತ್ತಿದ್ದದ್ದು, ಇಷ್ಟೆಲ್ಲ ಮಾಡಿಯೂ ಒಬ್ಬರನ್ನೂ 'ನಮ್ಮ ದೇವರಿಗೆ ಬಾ' ಎನ್ನದಿದ್ದದ್ದು, ಎಲ್ಲ ಬರೆದೆ. ತಲೆಬರಹ ಮಾತ್ರ ಬೇರೆ ಗುಣದ್ದು: 'ಸುಳ್ಳಾಡದ ಮನುಷ್ಯ'. ಬಾಯಿ ತೆರೆದರೆ ಮುಖಸ್ತುತಿ ಮಾಡುವ ಈ ತಾಲ್ಲೂಕಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದವರು ಅವರೊಬ್ಬರೇ ಎಂದು ನಾನು ನಂಬಿದ್ದೆ. ಅದು ನಿಜವಾಗಿರುವುದು ನನಗೆ ಬಹಳ ಮುಖ್ಯ.

ಇತ್ತ ಅವ್ವ ಬೇರೆಯೇ ಏರ್ಪಾಡು ನಡೆಸಿದ್ದಳು. "ಅವ್ರ ಮಾಲಯ ಅಮಾಸೆ ನವೆಂಬರ್ ಎರಡಂತೆ ಕಣ್ಲಾ. ಎಡೆ ಇಡ್ಬೇಕು. ಅವ್ರಿಗೆ ಏನೇನು ಇಷ್ಟವೋ ಎಲ್ಲಾ ಮಾಡಿ ಎಲೆಗೆ ಬಡಿಸ್ಬೇಕು."

"ಅವ್ವ, ನಾವು ಬೌದ್ಧರು, ಅವರು ಕ್ರೈಸ್ತರು. ಅಲ್ಲದೆ ಸತ್ತವರು ಉಣ್ಣಲ್ಲ."

"ಬುದ್ಧಪೂರ್ಣಿಮೇಲಿ ಫೋಟೋ ಮುಂದೆ ಪಾಯಸ ಇಡ್ತೀಯಲ್ಲ, ಯಾರು ಉಣ್ಣೋಕೆ?"

"ಅದು ಸಾಂಕೇತಿಕ."

"ಇದೂ ಅದೇ ಅಂದ್ಕೋ. ಮಕ್ಳು ಮರಿ ಇಲ್ದ ಜೀವ. ನಾವಿಡ್ದಿದ್ರೆ ಬಿಷಪ್ಪರು ಬಂದು ಇಡ್ತಾರಾ?"

ಬಾಳೆಎಲೆ ಕೊಯ್ಯಲು ನಾನೇ ಹೋದೆ.

ಅಂದು ದವಾಖಾನೆಯ ಜಗಲಿಯಲ್ಲಿ ಅವರ ಫೋಟೋ ಇಟ್ಟು, ಮುಂದೆ ಬಾಳೆಎಲೆ ಹಾಸಿ, ಹೊಸದಾಗಿ ಹೊಲಿಸಿದ ಬಿಳಿ ನಿಲುವಂಗಿಯನ್ನು ಮಡಿಸಿಟ್ಟಿದ್ದರು. ಫಾದರ್ ಚೌರಪ್ಪ ಪ್ರಾರ್ಥನೆ ಮಾಡಿದರು. ಇನ್ನಾಸಪ್ಪನವರಿಗಿಂತ ಹಿಂದೆ ಇದ್ದ ಫಾದರ್ ಅಂತೋಣಪ್ಪನವರ ಹೆಸರನ್ನೂ ಸೇರಿಸಿದರು. ಬಾವಿ ತೋಡಿಸುವಾಗ ಅವರ ಜೊತೆ ಮಣ್ಣು ಹೊತ್ತಿದ್ದ ಚಿಕ್ಕನರಸಯ್ಯಜ್ಜ, "ಅಂತೋಣಪ್ಪ ಫಾದರ್ ಬೈಯೋರು, ಇನ್ನಾಸಪ್ಪ ಫಾದರ್ ಉಣ್ಣೋರು. ಇಬ್ರೂ ಒಳ್ಳೇರು," ಎಂದು ಇಬ್ಬರ ಚರಿತ್ರೆಯನ್ನೂ ಅಲ್ಲೇ ಮುಗಿಸಿಬಿಟ್ಟ.

ಆಮೇಲೆ ಹೆಂಗಸರು ಬಡಿಸಲು ಬಂದರು. ಮೇಲಿನ ಬೀದಿಯ ನಾಗರತ್ನಮ್ಮನವರು, ಅದೇ ಕಡಲೆಕಾಯಿ ವ್ಯಾಪಾರದ ಗೌರೀಶನ ತಾಯಿ, ತಮ್ಮದೇ ಬೇರೆ ಎಲೆ ತಂದಿದ್ದರು. "ನಂದು ಸ್ವಲ್ಪ ಆಚೆ ಇರ್ಲಿ, ಕೋಳಿ ಗಾಳಿ ಬೀಸಬಾರದು," ಎಂದು ದೂರದಲ್ಲಿ ಹಾಸಿ ಹೋಳಿಗೆ ಇಟ್ಟರು. "ಫಾದರ್‌ಗೆ ನಮ್ಮನೆ ಹೋಳಿಗೆ ಅಂದ್ರೆ ಪ್ರಾಣ. 'ಇಂಥದ್ದನ್ನ ಇನ್ನೆಲ್ಲೂ ತಿಂದಿಲ್ಲ ನಾಗರತ್ನಮ್ಮ' ಅಂದಿದ್ರು."

ಸೌಟು ಹಿಡಿದಿದ್ದ ನಮ್ಮ ಕೇರಿಯ ಮುನಿಯಮ್ಮ ನಿಂತಳು. "ಅಂಗಂದಿದ್ದು ನನ್ ಕೋಳಿಸಾರಿಗೆ."

"ಹೋಳಿಗೆಗೆ."

"ಸಾರಿಗೆ ಕಣಮ್ಮ. ಅದೂ ಇನ್ನೊಂದು ಸಲ ಬಡಿಸ್ಕೊಂಡು ಅಂದಿದ್ದು."

ಚಿಕ್ಕನರಸಯ್ಯಜ್ಜ ಗಂಟಲು ಸರಿಮಾಡಿಕೊಂಡ. "ಜಗಳ ಯಾಕೆ ಬುಡ್ರಮ್ಮ. ನಮ್ಮನೆ ಗೊಡ್ಡುಸಾರಿಗೂ ಅಂಗೇ ಅಂದಿದ್ರು. ಅದುನ್ನ ನಮ್ ನಾಯಿನೂ ಮೂಸಲ್ಲ." ಪಕ್ಕದಲ್ಲೇ ಇದ್ದ ಅವನ ಹೆಂಡತಿ ನಿಧಾನವಾಗಿ ತಿರುಗಿ ನೋಡಿದಳು. ಅಜ್ಜ ಈಗ ಮಗಳ ಮನೆಯಲ್ಲಿ ಉಣ್ಣುತ್ತಿದ್ದಾನೆ.

ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟರು. ಉಪ್ಪಿಟ್ಟು, ಬಸ್ಸಾರು, ತಂಬಿಟ್ಟು, ಯಾರ ಮನೆಯದನ್ನೂ ಫಾದರ್ ಇನ್ನೆಲ್ಲೂ ತಿಂದಿರಲಿಲ್ಲ. ಕೈಯಲ್ಲಿದ್ದ ನನ್ನ ಕಟ್ಟು ಭಾರವಾಗುತ್ತ ಹೋಯಿತು.

ಕೊನೆಗೆ ಹೆಂಗಸರೆಲ್ಲ ಸೇರಿ ಫಾದರ್ ಚೌರಪ್ಪನವರನ್ನು ಹಿಡಿದರು. ತೀರ್ಪು ನೀವೇ ಹೇಳಿ ಎಂದರು. ಆ ಪ್ರಾಮಾಣಿಕ ಮನುಷ್ಯ ಎರಡನ್ನೂ ರುಚಿ ನೋಡಿ, ಯೋಚಿಸಿ, "ಹೋಳಿಗೆ ಸ್ವಲ್ಪ ದಪ್ಪ ಆಯ್ತು. ಸಾರಿಗೆ ಉಪ್ಪು ಮುಂದಾಗಿದೆ," ಎಂದರು.

ಮುನಿಯಮ್ಮ ಸೌಟು ಕೆಳಗಿಟ್ಟಳು. "ಫಾದರ್, ನೀವು ನೂರು ವರ್ಷ ಬಾಳ್ಬೇಕು. ಯಾಕಂದ್ರೆ ನೀವು ಸತ್ರೆ ಈ ಊರಲ್ಲಿ ಎಡೆ ಇಡೋರು ಯಾರೂ ಇಲ್ಲ."

ಪಾಪ, ಅವರು ತಡಬಡಾಯಿಸಿ ಮಾತು ತಿರುಗಿಸಲು ಹೋದರು. "ಅಲ್ಲಮ್ಮ, ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಸಿಹಿ ಮುಟ್ಟಲೇಬಾರದು ಅಂತ ಡಾಕ್ಟರು ಹೇಳಿದ್ರು. ಹೋಳಿಗೆ ಹೆಂಗೆ ತಿಂತಿದ್ರು?"

ನಾಗರತ್ನಮ್ಮನವರು ಫೋಟೋ ನೋಡಿದರು. "ನಾನು ಬಲವಂತ ಮಾಡ್ತಿದ್ದೆ," ಎಂದರು. ಆಮೇಲೆ ತಾವೇ ತಮ್ಮ ಎಲೆಯನ್ನು ಎಳೆದು ಕೋಳಿಸಾರಿನ ಎಲೆಯ ಪಕ್ಕಕ್ಕೆ ತಂದಿಟ್ಟರು. ಯಾರೂ ಅದನ್ನು ನೋಡಿದ ಹಾಗೆ ಮಾಡಲಿಲ್ಲ. ನಾನು ನೋಡಿದೆ. ಜಾತಿವಿನಾಶದ ಬಗ್ಗೆ ಇಷ್ಟು ಓದಿದ್ದೇನೆ, ಅದು ಹೋಳಿಗೆಯ ಮೂಲಕ ಬರಬಹುದೆಂದು ಎಲ್ಲೂ ಬರೆದಿರಲಿಲ್ಲ.

ಆಗ ನನ್ನ ಸರದಿ ಬಂತು. ಎದ್ದು ನಿಂತು ತಲೆಬರಹ ಓದಿದೆ. ಜನ ನಕ್ಕದ್ದು ನಿನಗೆ ಪಾವಗಡಕ್ಕೂ ಕೇಳಿಸಿರಬೇಕು. "ಲೇ ಮುತ್ತುರಾಜ, ಅದುನ್ನೇ ಇನ್ನೊಂದ್ಸಲ ಓದ್ಲಾ," ಎಂದ ಅಜ್ಜ. ಸೇವೆಯ ಭಾಗವನ್ನಷ್ಟೇ ಬೇಗಬೇಗ ಓದಿ ಕೂತುಬಿಟ್ಟೆ. ಕರಪತ್ರ ಹಂಚಲಿಲ್ಲ. ಆದರೂ ಅದು ಮನೆಮನೆಗೂ ತಲುಪಿತು. ಹೋಳಿಗೆ ಕಟ್ಟಿಕೊಡಲು ಬೇರೆ ಕಾಗದ ಇರಲಿಲ್ಲ.

ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. ಊರಿಗೆಲ್ಲ ಒಂದೇ ಸುಳ್ಳು ಹೇಳಿದವರನ್ನು ಹೇಗೆ ಗೌರವಿಸುವುದು ಎಂದೆ. ಅವ್ವ ಒಲೆ ಮುಂದಿನಿಂದ ಏಳದೆ ಹೇಳಿದಳು: "ನಂಗೆ ಅವತ್ತೇ ಗೊತ್ತಿತ್ತು ಕಣ್ಲಾ. ಮೊದಲ್ನೇ ಸಲ ನಮ್ಮನೇಲಿ ಉಂಡಾಗ ನಾನು ಗಾಬ್ರೀಲಿ ಸಾರಿಗೆ ಉಪ್ಪೇ ಹಾಕಿರ್ಲಿಲ್ಲ. ಹೊರಗಿನೋರು ಯಾರೂ ಅಲ್ಲೀವರ್ಗೂ ನಮ್ ಕೇರೀಲಿ ಕೂತು ಉಂಡಿರ್ಲಿಲ್ಲ. ತಟ್ಟೆ ಬಳ್ಕೊಂಡು ಉಂಡು, 'ಇಂಥ ಸಾರು ಎಲ್ಲೂ ಉಂಡಿಲ್ಲ' ಅಂದ್ರು. ಅದೇನು ಸುಳ್ಳಾ? ಉಪ್ಪಿಲ್ದ ಸಾರು ಇನ್ಯಾರು ಹಾಕಿರ್ತಾರೆ?"

ನನಗೆ ನಗು ಬಂತು. ಸಿಟ್ಟು ಹೋಗಲಿಲ್ಲ, ಎರಡೂ ಒಟ್ಟಿಗೇ ಇದ್ದವು.

ಪುಟ್ಟಿಗೆ ಮುತ್ತು, ಅವಳು ಯಾರಿಗೂ ತಲೆಬಾಗದೆ ಬೆಳೆಯಲಿ. ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದ ಕೇಳುವುದು ನನ್ನ ತತ್ವಕ್ಕೆ ಒಗ್ಗದು, ನೀನಾಗಿ ಕಳಿಸಿದರೆ ವಾಪಸು ಮಾಡುವುದಿಲ್ಲ.

ನಿನ್ನ ತಮ್ಮ,
ಮುತ್ತುರಾಜ್

ಮೇಲೆ ಬರೆಯದೆ ಬಿಟ್ಟದ್ದು: ನಾನು ಬರೆದದ್ದನ್ನೆಲ್ಲ ಮೊದಲು ಫಾದರ್‌ಗೇ ತೋರಿಸುತ್ತಿದ್ದೆ. ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನವರೆಗೂ ಓದಿ, "ನಿನ್ನ ಹಾಗೆ ಯೋಚನೆ ಮಾಡುವ ಹುಡುಗನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ," ಎನ್ನುತ್ತಿದ್ದರು. ಬಿ.ಎ. ಅರ್ಧಕ್ಕೆ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿದ್ದು ಆ ಒಂದು ಮಾತು. ನೀನು ಅವರ ಹಾಸ್ಟೆಲಿನಲ್ಲಿ ಬೆಳೆದವಳು, ಅವರನ್ನು ನನಗಿಂತ ಚೆನ್ನಾಗಿ ಬಲ್ಲೆ. ನನ್ನ ಬಗ್ಗೆ ಅವರಂದ ಆ ಮಾತು ನಿಜವಾಗಿತ್ತೇ ಎಂದು ಬರೆ. ನಿಜ ಬರೆಯಲು ಮನಸ್ಸು ಬಾರದಿದ್ದರೆ, ಅವರಿದ್ದಿದ್ದರೆ ನನಗೆ ಏನು ಬರೆಯುತ್ತಿದ್ದರೋ ಅದನ್ನು ಬರೆ.